ಹನ್ನೊಂದು ಅಪಾಯಗಳ ಕುರ್ಚಿ

ಕುರ್ಚಿಯ ಜೊತೆಗೆ ಒಂದು ಚೀಟಿ ಬಂದಿತ್ತು. ತೊಂದರೆಯೆಲ್ಲ ಶುರುವಾದದ್ದು ಆ ಚೀಟಿಯಿಂದಲೇ.

ಸೈಕಲ್ಲಿನ ಹಿಂಬದಿಗೆ ತಿರುಪು ಹಾಕಿ ಕೂರಿಸುವ, ಮಗುವಿನ ಬೆನ್ನಿಗೆ ಆನಿಕೆಯಿರುವ, ನೀಲಿ ಬಣ್ಣದ ಪ್ಲಾಸ್ಟಿಕ್ ಕುರ್ಚಿ ಅದು. ಚೀಟಿಯಲ್ಲಿ ಒಂದಕ್ಷರವೂ ಇರಲಿಲ್ಲ. ಹನ್ನೊಂದು ಪುಟ್ಟ ಚಿತ್ರಗಳಿದ್ದವು, ಹನ್ನೊಂದರ ಮೇಲೂ ಕೆಂಪು ಅಡ್ಡಗೀಟುಗಳಿದ್ದವು. ಒಂದರಲ್ಲಿ ಮಗುವಿನ ಹಿಮ್ಮಡಿ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿತ್ತು. ಇನ್ನೊಂದರಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸೈಕಲ್ಲು ಮಗುವಿನ ಸಮೇತ ಪಕ್ಕಕ್ಕೆ ಮಗುಚುತ್ತಿತ್ತು. ಕೊನೆಯದರಲ್ಲಿ, ಸೈಕಲ್ ಹತ್ತಲು ಕಾಲು ಬೀಸಿದ ತಂದೆಯ ಬೂಟು ಹಿಂದೆ ಕುಳಿತ ಮಗುವಿನ ಮೂಗಿಗೆ ಭೇಟಿ ಕೊಡುತ್ತಿತ್ತು. ಏನು ಮಾಡಬಾರದು ಎಂಬುದನ್ನು ಹನ್ನೊಂದು ಸಲ ಹೇಳಿದ, ಕುರ್ಚಿ ತಯಾರಿಸಿದ ಆ ಮಹನೀಯರಿಗೆ ಏನು ಮಾಡಬೇಕು ಎಂಬುದನ್ನು ಒಂದು ಸಲ ಹೇಳುವಷ್ಟು ಸೌಜನ್ಯವಿರಲಿಲ್ಲ. ಮಾರಿದ ಕ್ಷಣಕ್ಕೇ ತಮ್ಮ ಹೊಣೆ ಮುಗಿಯಿತೆಂದು ಕೈ ಒರೆಸಿಕೊಳ್ಳುವವರ ಕಾಲ ಇದು. ಇವರಿಗೆ ಮಕ್ಕಳಿಲ್ಲವೇ, ಮೊಮ್ಮಕ್ಕಳಿಲ್ಲವೇ ಎಂದು ಕೇಳುವವರೂ ಇಲ್ಲ.

ಬೈಂಡರ್ ಆ ಚೀಟಿಯನ್ನು ಎರಡೂ ಕೈಗಳಲ್ಲಿ ಹಿಡಿದು ಮನೆಯ ಮುಂದಿನ ಮೆಟ್ಟಿಲ ಮೇಲೆ ಕುಳಿತಿದ್ದ. ಇಪ್ಪತ್ತು ವರ್ಷಗಳಿಂದ ಮುದ್ರಣಾಲಯವೊಂದರಲ್ಲಿ ಪುಸ್ತಕಗಳಿಗೆ ಹೊಲಿಗೆ ಹಾಕುತ್ತಿದ್ದವನು ಅವನು. ಸಾವಿರಾರು ಪುಟ ಅವನ ಕೈಯಲ್ಲಿ ಹಾದುಹೋಗಿದ್ದವು. ಯಾವ ಪುಟವೂ ಅವನನ್ನು ಹೀಗೆ ಬೆಕ್ಕಸಬೆರಗಾಗಿಸಿರಲಿಲ್ಲ. ಎರಡು ಕಿಲೋಮೀಟರಿಗಿಂತ ಕಡಿಮೆ ದೂರದ ಶಿಶುವಿಹಾರಕ್ಕೆ ಹೋಗುವ ದಾರಿಯಲ್ಲಿ ಮೂರೂವರೆ ವರ್ಷದ ಒಂದು ಜೀವಕ್ಕೆ ಹನ್ನೊಂದು ಬಗೆಯ ಕೇಡು ಕಾದು ಕುಳಿತಿರಬಹುದೆಂದು ಅವನು ಎಣಿಸಿಯೇ ಇರಲಿಲ್ಲ.

ಆ ಜೀವ, ಎಂದರೆ ಅವನ ಮಗಳು ಗಿಣಿ, ಪಕ್ಕದಲ್ಲಿ ನಿಂತು ಕುರ್ಚಿಗೆ ಬ್ರೆಡ್ಡಿನ ಚೂರು ತಿನ್ನಿಸುತ್ತಿದ್ದಳು.

ಅಂದು ಕುರ್ಚಿ ಗೆಲ್ಲಲೇಬೇಕಿತ್ತು. ಗಾಜಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹೆಂಡತಿಗೆ ಆ ದಿನದಿಂದ ಬೆಳಗಿನ ಪಾಳಿ. ಮಗುವನ್ನು ಶಿಶುವಿಹಾರಕ್ಕೆ ಬಿಡುವ ಕೆಲಸ ಇನ್ನು ಅಪ್ಪನದು. ಸುದ್ದಿ ಆರು ಗಂಟೆಗಳ ಬಸ್ ದಾರಿ ದಾಟಿ ಅತ್ತೆಗೆ ಮುಟ್ಟಿತ್ತು. ಅತ್ತೆ ಮೂಳೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅವರ ಮಾತು ಅವರು ಹಾಕುತ್ತಿದ್ದ ಪ್ಲಾಸ್ಟರಿನ ಹಾಗೆ: ಒಮ್ಮೆ ಒಣಗಿತೆಂದರೆ ಅಲುಗಿಸುವಂತಿಲ್ಲ. ಹಿಂದಿನ ಸಂಜೆ ಫೋನಿನಲ್ಲಿ ಅವರು ಬಹಳ ಮರ್ಯಾದೆಯಿಂದಲೇ ಹೇಳಿದ್ದರು:

“ಸೈಕಲ್ ಕಡ್ಡಿಗೆ ಸಿಕ್ಕಿದ ಹಿಮ್ಮಡಿಗಳನ್ನ ನಾನೆಷ್ಟು ಕಟ್ಟಿದೀನಿ ಅಂತ ನಿಮಗೆ ಗೊತ್ತಿಲ್ಲ, ಅಳಿಯಂದಿರೇ. ನಾಳೆ ಹನ್ನೆರಡಕ್ಕೆ ನೇರ ಶಿಶುವಿಹಾರಕ್ಕೇ ಬರ್ತೀನಿ. ಮಗು ಮೈಮೇಲೆ ಒಂದು ಗೀರು ಕಂಡರೂ ಅಷ್ಟೇ, ನಿಮ್ಮ ಏರ್ಪಾಟು ನನಗೆ ಸರಿಬೀಳದಿದ್ದರೂ ಅಷ್ಟೇ. ಸಂಜೆ ಬಸ್ಸಿಗೆ ಅವಳು ನನ್ನ ಜೊತೆ. ಆರು ವರ್ಷ ತುಂಬಲಿ, ಆಮೇಲೆ ನೋಡೋಣ.”

ಆರು ತುಂಬಲು ಇನ್ನೂ ಎರಡೂವರೆ ವರ್ಷ. ಆ ಲೆಕ್ಕ ಹಾಕಿದಾಗಿನಿಂದ ಬೈಂಡರನಿಗೆ ಊಟ ರುಚಿಸಿರಲಿಲ್ಲ.

ಬೆಳಗ್ಗೆ ಏಳಕ್ಕೆ ಅಂಗಡಿಯ ಬಾಗಿಲು ತೆಗೆಯಲು ಬಂದ ಕೆಳಮನೆಯ ವೆಲ್ಡರ್ ಚೀಟಿಗೆ ಮೂಗು ತೂರಿಸಿದ.

“ಏನಣ್ಣಾ, ಬೆಳಬೆಳಗ್ಗೆ ಚಿತ್ರಕತೆ ಓದ್ತಾ ಕೂತಿದ್ದೀಯಾ?”

“ಕುರ್ಚಿ ಚೀಟಿ ಕಣೋ. ನೋಡಿಲ್ಲಿ, ಹಿಮ್ಮಡಿ.”

ವೆಲ್ಡರ್ ನೋಡಿದ. “ಇದಕ್ಕೆ ಉಪಾಯ ಇದೆ. ಚಕ್ರದ ಎರಡೂ ಪಕ್ಕ ತಗಡು ಹೊದಿಸಿಬಿಟ್ಟರೆ ಕಾಲು ಎಲ್ಲಿಗೆ ಹೋಗುತ್ತೆ?”

ನ್ಯಾಯವಾಗಿ ಹೇಳಬೇಕೆಂದರೆ, ಆ ದಿನ ಆ ಬೀದಿಯಲ್ಲಿ ಹುಟ್ಟಿದ ಸರಿಯಾದ ವಿಚಾರ ಅದೊಂದೇ. ಅಲ್ಲಿಗೇ ನಿಂತಿದ್ದರೆ ಈ ಕತೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಪರೋಪಕಾರಕ್ಕೆ ಕೈ ಹಾಕಿದ ಮನುಷ್ಯ ಅರ್ಧಕ್ಕೆ ಬಿಡುವುದುಂಟೇ? ತಗಡು ಹೊದಿಸಿದ ವೆಲ್ಡರ್, ಕುರ್ಚಿಯ ಕೆಳಗಿನ ಕಬ್ಬಿಣದ ಚೌಕಟ್ಟನ್ನು ಕ್ಯಾರಿಯರಿಗೆ ಸೇರಿಸಿ ಬೆಸೆದೂ ಬಿಟ್ಟ. “ತಿರುಪು ನಂಬಬೇಡಣ್ಣಾ. ತಿರುಗಿಸಿದ ಕಡೆಗೆಲ್ಲ ತಿರುಗೋದು ಅದು. ಬೆಸುಗೆ ನಂಬು.”

ಕಿಡಿಗಳ ಬೆಳಕಿಗೆ ಮೇಲ್ಮನೆಯ ನಿವೃತ್ತ ಗಣಿತದ ಮೇಷ್ಟ್ರು ಬಾಲ್ಕನಿಗೆ ಬಂದರು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಕೆಳಗೆ ಇಬ್ಬರು ತಲೆಯೆತ್ತಿ ನೋಡುತ್ತಿದ್ದಾರೆಂದರೆ ಸಾಕು, ಅದೇ ತರಗತಿ.

“ಏನಯ್ಯಾ, ಮಗು ತೂಕ ಎಷ್ಟು?”

“ಹದಿನಾಲ್ಕು ಕಿಲೋ, ಮೇಷ್ಟ್ರೇ.”

“ಕುರ್ಚಿ?”

“ನಾಲ್ಕು.”

“ತಗಡು ಮೂರು,” ಎಂದು ವೆಲ್ಡರ್ ಸೇರಿಸಿದ.

“ಒಟ್ಟು ಇಪ್ಪತ್ತೊಂದು, ಎಲ್ಲಾ ಹಿಂದೆ. ಮುಂದೆ ಏನಿದೆ?”

ಬೈಂಡರ್ ಹ್ಯಾಂಡಲ್ ಕಡೆ ನೋಡಿದ. “ಬೆಲ್ ಇದೆ, ಸಾರ್.”

“ಬೆಲ್ಲು ಇಪ್ಪತ್ತೊಂದು ಕಿಲೋ ತೂಗುತ್ತಾ?”

ಇಬ್ಬರೂ ತಲೆ ತಗ್ಗಿಸಿದರು. ತೂಕ ಹಿಂದೆ ಹೆಚ್ಚಾದರೆ ಮುಂದಿನ ಚಕ್ರ ಕುದುರೆಯ ಹಾಗೆ ಮೇಲೇಳುವುದೆಂದು ಮೇಷ್ಟ್ರು ಕೆಳಗಿಳಿದು ಬಂದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದರು. ಆ ಗೀಟುಗಳು ಎಷ್ಟು ನೆಟ್ಟಗಿದ್ದವೆಂದರೆ ಎದುರಾಡುವ ಧೈರ್ಯ ಯಾರಿಗೂ ಬರಲಿಲ್ಲ. ಮೇಷ್ಟ್ರ ಮನೆ ರಿಪೇರಿಗೆಂದು ತರಿಸಿದ ಮರಳಿನ ರಾಶಿ ಅಲ್ಲೇ ಇತ್ತು. ತೂಗಿ, ಚೀಲಕ್ಕೆ ತುಂಬಿ, ಹ್ಯಾಂಡಲ್ಲಿಗೂ ಮುಂದಿನ ಅಡ್ಡಪಟ್ಟಿಗೂ ಸೇರಿಸಿ ಬಿಗಿದರು. ಸರಿಯಾಗಿ ಇಪ್ಪತ್ತೊಂದು ಕಿಲೋ. ಒಂದು ಹಿಡಿ ಹೆಚ್ಚಾಗಿದ್ದುದನ್ನು ಮೇಷ್ಟ್ರು ತಾವೇ ತೆಗೆಸಿದರು.

ಅಷ್ಟರಲ್ಲಿ ಎದುರುಮನೆಯ ದರ್ಜಿ ಅಕ್ಕ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದರು.

“ಎಲ್ಲಾ ಚಕ್ರಕ್ಕೇ ಮಾಡ್ತಿದ್ದೀರಲ್ಲ, ಮಗು ತಲೆ ಯಾರು ನೋಡೋರು? ದಾರೀಲಿ ನಿದ್ದೆ ಬಂದರೆ ಕತ್ತು ಹೀಗೆ ವಾಲುತ್ತೆ, ತಮ್ಮಾ. ನಾಲ್ಕನೇ ಚಿತ್ರ ನೋಡು.”

“ಬೆಳಗ್ಗೆ ಎಂಟಕ್ಕೆ ಯಾಕೆ ನಿದ್ದೆ ಬರುತ್ತಕ್ಕಾ?”

“ಬರಬಾರದು ಅಂತ ಕಾನೂನಿದೆಯಾ?”

ಇರಲಿಲ್ಲ. ಹದಿನೈದು ನಿಮಿಷದಲ್ಲಿ ಚಿಂದಿ ತುಂಬಿದ ದಪ್ಪ ಕೊರಳದಿಂಬು ಸಿದ್ಧವಾಯಿತು. ಗಿಣಿಯನ್ನು ಕುರ್ಚಿಯಲ್ಲಿ ಕೂರಿಸಿ ಅದನ್ನು ತೊಡಿಸಿದರೆ, ದೊಡ್ಡ ಎಲೆಕೋಸಿನ ನಡುವಿನಿಂದ ಎರಡು ಕಣ್ಣು ಇಣುಕುತ್ತಿರುವ ಹಾಗೆ ಕಂಡಿತು. ಮುಂದಿನದು ಕಾಣದ ಮಗು, ಕಾಣಬೇಕೆಂದು ಪಕ್ಕಕ್ಕೆ ಬಾಗಿತು. ಬಾಗಿದ್ದೇ ತಡ, ನಾಲ್ವರು ದೊಡ್ಡವರ ಎಂಟು ಕೈಗಳೂ ಒಟ್ಟಿಗೆ ಮುಂದೆ ಬಂದವು.

“ಕಟ್ಟಬೇಕು,” ಎಂದ ಬೈಂಡರ್.

ಕುರ್ಚಿಗೆ ಪಟ್ಟಿ ಇತ್ತು, ಪಟ್ಟಿಗೆ ಕೊಂಡಿಯೂ ಇತ್ತು. ಅವನು ಅದನ್ನು ಎರಡು ಸಲ ಹಾಕಿ ತೆಗೆದು ನೋಡಿದ. ಚಿಟಕ್ಕೆಂದು ಕೂಡುವುದು ಚಿಟಕ್ಕೆಂದೇ ಬಿಟ್ಟುಕೊಳ್ಳುತ್ತಿತ್ತು. ಇಂಥದ್ದನ್ನು ನಂಬಿ ಮಗಳನ್ನು ಒಪ್ಪಿಸುವುದೇ? ಅವನ ಜೇಬಿನಲ್ಲಿ ಮೇಣ ಉಜ್ಜಿದ ದಾರದ ಉಂಡೆಯೂ ಬಾಗಿದ ಸೂಜಿಯೂ ಯಾವಾಗಲೂ ಇರುತ್ತಿದ್ದವು. ಕೊಂಡಿಯನ್ನು ಬದಿಗೆ ಸರಿಸಿ, ಭುಜದ ಎರಡು ಪಟ್ಟಿಗಳನ್ನೂ ಸೊಂಟದ ಪಟ್ಟಿಯನ್ನೂ ಒಂದಕ್ಕೊಂದು ಸೇರಿಸಿ, ಕಚೇರಿಗಳ ದಪ್ಪ ರಿಜಿಸ್ಟರಿಗೆ ಹಾಕುವ ಜೋಡಿ ಹೊಲಿಗೆಯನ್ನು ಹಾಕಿದ. ಹಾಳೆ ಹರಿದರೂ ದಾರ ಹರಿಯದ ಹೊಲಿಗೆ ಅದು. ಕೊನೆಯಲ್ಲಿ ಮೂರು ಗಂಟು. ದರ್ಜಿ ಅಕ್ಕನ ಕತ್ತರಿಯಿಂದ ದಾರದ ತುದಿ ಕತ್ತರಿಸಿ ಹಿಂದೆ ಸರಿದು ನೋಡಿದ. ದರ್ಜಿ ಅಕ್ಕನೇ ಕೈ ಮುಗಿದು, “ಇಂಥ ಹೊಲಿಗೆ ನಾನು ಕಂಡಿಲ್ಲ ಬಿಡು,” ಎಂದರು.

“ಅಪ್ಪ, ನಾನು ಪುಸ್ತಕಾನಾ?” ಎಂದು ಎಲೆಕೋಸಿನೊಳಗಿನಿಂದ ದನಿ ಬಂತು.

“ಹೌದು ಗಿಣೀ.”

“ಯಾವ ಪುಸ್ತಕ?”

ಇಷ್ಟೆಲ್ಲ ಬಿಗಿದರೂ ಆ ಮುಖದಲ್ಲಿ ಭಯದ ಸುಳಿವಿರಲಿಲ್ಲ. ಅಪ್ಪ ಕಟ್ಟಿದ್ದಾನೆ, ಆದ್ದರಿಂದ ಅದು ಸರಿ. ಇಷ್ಟು ನಂಬಿಕೆಯನ್ನು ಒಬ್ಬ ಮನುಷ್ಯನ ಮೇಲೆ ಹೊರಿಸುವುದು ತರವೇ ಎಂದುಕೊಳ್ಳುತ್ತ ಬೈಂಡರ್ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ.

ಎಂಟೂ ಮುಕ್ಕಾಲಿಗೆ ಎಲ್ಲ ಮುಗಿದಿತ್ತು. ಬೀದಿಯೇ ಬಂದು ಸುತ್ತ ನಿಂತಿತ್ತು. ಬೈಂಡರ್ ಹ್ಯಾಂಡಲ್ ಹಿಡಿದು, ದಿನವೂ ಮಾಡುವ ಹಾಗೆ ಬಲಗಾಲನ್ನು ಹಿಂದಕ್ಕೆ ಬೀಸಹೊರಟ. ಕಾಲು ಅರ್ಧ ದಾರಿಯಲ್ಲಿ ನಿಂತಿತು. ಹಿಂದೆ ಮಗುವಿನ ಮೂಗಿದೆ. ಅದು ಹನ್ನೊಂದನೆಯ ಚಿತ್ರ. ಸರಿ, ಮುಂದಿನಿಂದ ದಾಟೋಣವೆಂದರೆ ಅಲ್ಲಿ ಮೇಷ್ಟ್ರ ಮರಳು ಕುಳಿತಿದೆ. ಅವನು ಕೆರೆಯ ದಂಡೆಯ ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು ಯೋಚಿಸಿದ. ಬೀದಿಯೂ ಯೋಚಿಸಿತು. ಮಗು ಬೀಳದ, ವಾಲದ, ಜಾರದ, ಸಿಕ್ಕಿಕೊಳ್ಳದ ಸೈಕಲ್ಲೊಂದನ್ನು ನಾಲ್ಕು ಜನ ಸೇರಿ ಮಾಡಿದ್ದರು. ಅದನ್ನು ಯಾರಿಂದಲೂ ಹತ್ತಲಾಗುತ್ತಿರಲಿಲ್ಲ, ಅಷ್ಟೆ.

“ತಳ್ಳಿಕೊಂಡು ಹೋಗಯ್ಯಾ,” ಎಂದರು ಮೇಷ್ಟ್ರು. “ಅದಕ್ಕಿಂತ ಸುರಕ್ಷಿತ ಯಾವುದಿದೆ?”

ಸಲಹೆ ಕೊಟ್ಟವರು ಮೂವರಿದ್ದರು. ಜೊತೆಗೆ ಬಂದು ತಳ್ಳಲು ಒಬ್ಬರೂ ಇರಲಿಲ್ಲ. ಸಲಹೆ ಕೊಡುವವರಿಗೆಲ್ಲ ಅದನ್ನು ಹೊತ್ತು ಅರ್ಧ ಮೈಲಿ ನಡೆಯುವ ನಿಯಮವೊಂದಿದ್ದರೆ, ಲೋಕ ಎಷ್ಟು ನಿಶ್ಶಬ್ದವಾಗಿರುತ್ತಿತ್ತು.

ದಾರಿಯುದ್ದಕ್ಕೂ ಜನ ನಿಂತು ನೋಡಿದರು. ನಾಲ್ಕು ರಸ್ತೆ ಕೂಡುವಲ್ಲಿ ಪೊಲೀಸಿನವನು ಎಲ್ಲ ವಾಹನಗಳನ್ನೂ ತಡೆದು ಕೈ ಬೀಸಿ ದಾರಿ ಬಿಡಿಸಿಕೊಟ್ಟ. ಆಮೇಲೆ ಯಾಕೆ ಹಾಗೆ ಮಾಡಿದೆನೆಂದು ಅವನಿಗೇ ತಿಳಿಯಲಿಲ್ಲವಂತೆ. ಬಸ್ಸಿನ ಕಿಟಕಿಗಳಲ್ಲೆಲ್ಲ ಮುಖಗಳು ಸಾಲುಗಟ್ಟಿದವು. ಗಿಣಿ ಎಲ್ಲರಿಗೂ ಕೈ ಬೀಸುತ್ತ, ಮೆರವಣಿಗೆ ಹೊರಟವಳ ಹಾಗೆ ಕುಳಿತಿದ್ದಳು.

ಕೊನೆಯ ನೂರು ಗಜ ಇಳಿಜಾರು. ಮಗುವೂ ಕುರ್ಚಿಯೂ ತಗಡೂ ಮರಳೂ ಸೇರಿದ ಆ ಭಾರ ಅಲ್ಲಿ ತನ್ನ ಸ್ವಂತ ನಿರ್ಧಾರ ಕೈಗೊಂಡಿತು. ಅದುವರೆಗೆ ಬೈಂಡರ್ ಸೈಕಲ್ಲನ್ನು ಒಯ್ಯುತ್ತಿದ್ದ. ಈಗ ಸೈಕಲ್ಲು ಬೈಂಡರನನ್ನು ಒಯ್ಯತೊಡಗಿತು. ಬ್ರೇಕು ಕೀರೆಂದಿತು, ನಿಲ್ಲಲಿಲ್ಲ. ಹ್ಯಾಂಡಲ್ ಬಿಡುವಂತಿಲ್ಲ, ಬಿಟ್ಟರೆ ಮಗು ಹೋಯಿತು. ಅವನು ಹಿಮ್ಮಡಿಯೂರಿ, ಹಿಂದಕ್ಕೆ ಜಗ್ಗಿ, ಚಪ್ಪಲಿಯೊಂದನ್ನು ರಸ್ತೆಗೆ ಒಪ್ಪಿಸಿ, ಜೀವ ಬಾಯಿಗೆ ಬಂದವನಾಗಿ ಶಿಶುವಿಹಾರದ ತೆರೆದ ಗೇಟಿನೊಳಗೆ ನುಗ್ಗಿದ. ಅಂಗಳದಲ್ಲಿ ಮಕ್ಕಳು ಆಡುವ ಮರಳ ಗುಂಡಿಯಿತ್ತು. ಮುಂದಿನ ಚಕ್ರ ಅದರೊಳಕ್ಕೆ ಅರ್ಧ ಹೂತು, ಸೈಕಲ್ಲು ನೆಟ್ಟ ಕಂಬದ ಹಾಗೆ ನೆಟ್ಟಗೆ ನಿಂತಿತು.

ಅವನು ಮಗಳ ಮುಖ, ಕೈ, ಕಾಲು ಎಲ್ಲ ತಡವಿದ. ಒಂದು ಗೀರಿಲ್ಲ. ಒಂದು ಕೂದಲು ಕೊಂಕಿಲ್ಲ.

“ಇನ್ನೊಂದು ಸಲ, ಅಪ್ಪ,” ಎಂದಳು ಗಿಣಿ.

ಟೀಚರ್ ಬಂದು ನೋಡಿದರು. “ಬೇಗ ಇಳಿಸಿ, ಹಾಜರಿ ಹೊತ್ತಾಯ್ತು.”

ಬೈಂಡರ್ ಗಂಟಿಗೆ ಕೈ ಹಾಕಿದ. ಉಗುರಿನಿಂದ ಕೆದಕಿದ, ಹಲ್ಲಿನಿಂದ ಕಚ್ಚಿದ. ಆಗ ಅವನಿಗೆ ಒಂದು ಸತ್ಯ ಹೊಳೆಯಿತು. ಇಪ್ಪತ್ತು ವರ್ಷಗಳಲ್ಲಿ ಅವನು ಲಕ್ಷ ಗಂಟು ಹಾಕಿದ್ದ, ಒಂದನ್ನೂ ಬಿಚ್ಚಿರಲಿಲ್ಲ. ಬಿಚ್ಚಿಕೊಡಿ ಎಂದು ಯಾವ ರಿಜಿಸ್ಟರೂ ಕೇಳಿರಲಿಲ್ಲ. ಬಿಚ್ಚುವುದು ಹೇಗೆಂದು ಅವನಿಗೆ ಗೊತ್ತೇ ಇರಲಿಲ್ಲ.

“ಕತ್ತರಿ ಇದೆಯಾ, ಟೀಚರ್?”

ಇತ್ತು. ಮೂವತ್ತು ಪುಟ್ಟ ಕತ್ತರಿಗಳಿದ್ದವು, ಮಕ್ಕಳು ಬಣ್ಣದ ಕಾಗದ ಕತ್ತರಿಸುವಂಥವು, ಮೊಂಡು ತುದಿಯವು. ಒಂದೊಂದಾಗಿ ಆರನ್ನು ಪರೀಕ್ಷಿಸಿದರು. ದಾರಕ್ಕೆ ಕಚಗುಳಿಯೂ ಆಗಲಿಲ್ಲ.

“ಕುರ್ಚಿ ಬಿಚ್ಚಿ ಹಾಗೇ ಒಳಗೆ ತನ್ನಿ ಮತ್ತೆ.”

“ಬೆಸೆದಿದೆ.”

ಟೀಚರ್ ಬಾಗಿಲಿನ ಎರಡೂ ಕದ ತೆರೆದರು. “ಸೈಕಲ್ ಸಮೇತ ತನ್ನಿ.”

ಹೀಗೆ ಸೈಕಲ್ಲು ಶಿಶುವಿಹಾರಕ್ಕೆ ಸೇರಿತು. ಅಷ್ಟು ಭಾರಕ್ಕೆ ಸ್ಟ್ಯಾಂಡಿನ ಮೇಲೆ ನಂಬಿಕೆಯಿಲ್ಲ, ಅದು ಎರಡನೆಯ ಚಿತ್ರ. ಆದ್ದರಿಂದ ಬೈಂಡರ್ ಹಿಡಿದೇ ನಿಂತ. ಮೂವತ್ತು ಮಕ್ಕಳು ನೆಲದ ಮೇಲೆ ಕುಳಿತು, ಸಿಂಹಾಸನದ ಮೇಲಿನ ಗಿಣಿಯನ್ನು ಬಾಯಿ ತೆರೆದು ನೋಡಿದರು. ಟೀಚರ್ ಪಾಠ ಹೇಳಿದರು, ಹಾಡು ಹೇಳಿಸಿದರು. ಹಾಡಿನಲ್ಲಿ ಎಲ್ಲರೂ ಎದ್ದು ಕೈ ತಟ್ಟಬೇಕಾದ ಕಡೆ ಗಿಣಿಯ ಬದಲು ಬೈಂಡರ್ ಒಂದು ಕೈಯಿಂದ ತೊಡೆ ತಟ್ಟಿದ. ಒಬ್ಬ ಹುಡುಗ ಬಂದು ತನ್ನನ್ನೂ ಕಟ್ಟಬೇಕೆಂದು ಕೇಳಿದ. ಮುದ್ರಣಾಲಯದಲ್ಲಿ ಕತ್ತರಿಸದ ಹಾಳೆಗಳ ರಾಶಿ ಕಾಯುತ್ತಿತ್ತು, ಯಜಮಾನರೂ ಕಾಯುತ್ತಿದ್ದರು. ಅವನ ಚಿತ್ತ ಮಾತ್ರ ಗೋಡೆಯ ಗಡಿಯಾರದಲ್ಲಿ ನೆಟ್ಟಿತ್ತು. ಗೀರು ಇಲ್ಲ. ಅತ್ತೆಗೆ ತೋರಿಸಲು ಅದೊಂದಿದೆ. ಒಂದು ಗೀರೂ ಇಲ್ಲ.

ಹನ್ನೊಂದೂ ಐವತ್ತಕ್ಕೆ ಗಿಣಿ ಬಾಗಿ ಗುಟ್ಟಾಗಿ ಹೇಳಿದಳು. “ಅಪ್ಪ, ಒಂದಕ್ಕೆ.”

“ಸ್ವಲ್ಪ ತಡಿ ಕಂದಾ.”

“ಎಷ್ಟು ಸ್ವಲ್ಪ?”

ಆ ಪ್ರಶ್ನೆಗೆ ಉತ್ತರವೆಂಬಂತೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅರವತ್ತಮೂರು ವರ್ಷ, ನೆಟ್ಟನೆ ಬೆನ್ನು, ಕೈಯಲ್ಲಿ ಕ್ಯಾನ್‌ವಾಸ್ ಚೀಲ. ಮೊಮ್ಮಗಳ ಮುಖ ಒಮ್ಮೆ ನೋಡಿ, ಚೀಲದಿಂದ ಪ್ಲಾಸ್ಟರ್ ಕತ್ತರಿಸುವ ಕೊಕ್ಕಿನ ಕತ್ತರಿ ತೆಗೆದು, ಚಕ್ ಚಕ್ಕೆಂದು ನಾಲ್ಕೇ ಏಟಿಗೆ ಇಪ್ಪತ್ತು ವರ್ಷದ ಕಸುಬನ್ನು ಉದುರಿಸಿದರು. ಟೀಚರ್ ಗಿಣಿಯನ್ನು ಎತ್ತಿಕೊಂಡು ಓಡಿದರು.

ಅತ್ತೆ ಸೈಕಲ್ಲಿನ ಸುತ್ತ ಮೂರು ಸುತ್ತು ಬಂದರು.

“ಗೀರಿಲ್ಲ, ಅತ್ತೆ,” ಎಂದ ಬೈಂಡರ್. “ನೀವೇ ನೋಡಿ. ಬೇಕಾದರೆ ಇನ್ನೂ ಏನಾದರೂ ಕಟ್ಟಿಸ್ತೀನಿ. ಕರಕೊಂಡು ಮಾತ್ರ ಹೋಗಬೇಡಿ.”

“ಮೂಳೆ ವಾರ್ಡಿನಲ್ಲಿ ನಾನೂ ಕಟ್ಟಿದೀನಿ, ಅಳಿಯಂದಿರೇ. ಇಷ್ಟು ಕಟ್ಟಿಲ್ಲ.” ಅವರು ಮರಳಿನ ಚೀಲ ಮುಟ್ಟಿದರು. “ಇದು ಯಾರು?”

“ಮೇಷ್ಟ್ರು.”

“ಬಿಚ್ಚಿ. ಈ ದಿಂಬು?”

“ದರ್ಜಿ ಅಕ್ಕ.”

“ತೆಗೀರಿ. ತಗಡು ಯಾರದು?”

“ವೆಲ್ಡರ್.”

“ಅವನಿಗೆ ಬುದ್ಧಿ ಇದೆ. ತಗಡು ಇರಲಿ.”

ಅವರು ಟೈರನ್ನು ಹೆಬ್ಬೆರಳಿನಿಂದ ಒತ್ತಿದರು, ಎರಡೂ ಬ್ರೇಕು ಹಿಡಿದು ನೋಡಿ ತಂತಿ ಬಿಗಿಮಾಡಿದರು. ಬದಿಗೆ ಸರಿಸಿದ್ದ ಕೊಂಡಿಯನ್ನು ಹುಡುಕಿ, ಚಿಟಕ್ಕೆಂದು ಹಾಕಿ, ಬಲವಾಗಿ ಜಗ್ಗಿದರು, ಅದು ಬಿಡಲಿಲ್ಲ. “ಒತ್ತಿದರೆ ಬಿಡಬೇಕು, ಜಗ್ಗಿದರೆ ಬಿಡಬಾರದು. ಅಷ್ಟೇ ಇರೋದು.” ಗಿಣಿ ಹಗುರಾಗಿ ಕುಣಿಯುತ್ತ ಬಂದಾಗ ಅವಳ ತಲೆಗೆ ಚೀಲದಿಂದ ಪುಟ್ಟದೊಂದು ಹಳದಿ ಹೆಲ್ಮೆಟ್ ತೆಗೆದು ಹಾಕಿದರು. ಅಳೆದು ಮಾಡಿಸಿದಂತೆ ಕೂತಿತು.

“ಈಗ ಸೈಕಲ್ ಅಂಗಳಕ್ಕೆ ತನ್ನಿ. ಗಟ್ಟಿಯಾಗಿ ಹಿಡ್ಕೊಳ್ಳಿ.”

ಅವನು ಹಿಡಿದ. ಮುಂದೆ ನಡೆದದ್ದನ್ನು ಆ ಶಿಶುವಿಹಾರದವರು ಈಗಲೂ ದನಿ ತಗ್ಗಿಸಿ ಹೇಳುತ್ತಾರೆ. ಅತ್ತೆ ಸೀರೆಯನ್ನು ಎತ್ತಿ ಬಿಗಿದರು, ಸೀಟಿನ ಮುಂದೆ ಅಡ್ಡಪಟ್ಟಿಯ ಮೇಲಿನಿಂದ ಕಾಲು ದಾಟಿಸಿದರು, ಎರಡೂ ಪಾದ ನೆಲಕ್ಕೂರಿ ನಿಂತರು. “ಮಗು ಕೊನೆಗೆ ಹತ್ತಬೇಕು, ಮೊದಲು ಇಳಿಯಬೇಕು. ಈಗ ಕೂರಿಸಿ.” ಬೈಂಡರ್ ಕೂರಿಸಿದ, ಕೊಂಡಿ ಹಾಕಿದ. ಹನ್ನೊಂದು ಚಿತ್ರಗಳ ಅಪಾಯ ಈ ಒಂದೂವರೆ ಸಾಲಿನ ಮುಂದೆ ಮಂಜಿನಂತೆ ಕರಗಿದ್ದನ್ನು ಅವನು ಕಣ್ಣಾರೆ ಕಂಡ.

“ಬಿಡಿ,” ಎಂದರು ಅತ್ತೆ.

ಸೈಕಲ್ಲು ಹೊರಟಿತು. ಓಲಾಡಲಿಲ್ಲ, ತಡವರಿಸಲಿಲ್ಲ, ನೀರಿನ ಮೇಲೆ ದೋಣಿ ಸಾಗುವ ಹಾಗೆ ಗೇಟು ದಾಟಿ, ಅವನನ್ನು ಎಳೆದುತಂದಿದ್ದ ಅದೇ ಇಳಿಜಾರನ್ನು ಏರಿತು, ತುದಿಯಲ್ಲಿ ತಿರುಗಿತು, ಅಷ್ಟೇ ನಿಧಾನವಾಗಿ ಇಳಿದು ಬಂತು. ಮೂವತ್ತು ಮಕ್ಕಳು ಗೇಟಿಗೆ ಜೋತುಬಿದ್ದು ನೋಡಿದರು. ಬೈಂಡರನ ಕಣ್ಣು ತುಂಬಿತ್ತು.

“ಎಲ್ಲಿ ಕಲಿತಿರಿ, ಅತ್ತೆ?”

“ವಾರ್ಡಿಗೆ ಹೋಗೋ ಮುಂಚೆ ಹತ್ತು ವರ್ಷ ಹಳ್ಳಿಹಳ್ಳಿಗೆ ಲಸಿಕೆ ಹಾಕೋಕೆ ಸೈಕಲ್ಲಲ್ಲೇ ಹೋಗ್ತಿದ್ದೆ. ಮುಂದೆ ಮಂಜುಗಡ್ಡೆ ಪೆಟ್ಟಿಗೆ, ಹಿಂದೆ ನಿಮ್ಮ ಹೆಂಡತಿ.” ಅವರು ಇಳಿಯಲಿಲ್ಲ. “ಮಗೂನ ಕರಕೊಂಡು ಹೋಗೋದಿಲ್ಲ, ಅಳಿಯಂದಿರೇ. ಅವಳು ಇಲ್ಲೇ ಇರಲಿ.”

ಬೈಂಡರನ ಎದೆಯ ಮೇಲಿನ ಬಂಡೆ ಉರುಳಿತು. ಇನ್ನು ದಿನವೂ ಬೆಳಗ್ಗೆ ಮಗಳ ಬೆಚ್ಚನೆಯ ಭಾರ ತನ್ನ ಬೆನ್ನ ಹಿಂದೆ ಕುಳಿತು ಹರಟುತ್ತದೆ. ಆ ಸುಖವನ್ನು ಅವನು ಇನ್ನೇನು ಬಾಯಿ ತೆರೆದು ಹೇಳಬೇಕು, ಅಷ್ಟರಲ್ಲಿ ಅತ್ತೆ ಮಾತು ಮುಗಿಸಿದರು.

“ಕುರ್ಚಿಯಲ್ಲಿ ಏನೂ ದೋಷ ಇಲ್ಲ. ದೋಷ ತುಳಿಯೋರಲ್ಲಿತ್ತು. ನಾನೂ ಇಲ್ಲೇ ಇರ್ತೀನಿ. ಆರು ವರ್ಷ ತುಂಬೋವರೆಗೆ.”

“ಅತ್ತೆ, ನಿಮಗೆ ಯಾಕೆ ತೊಂದರೆ—”

“ತೊಂದರೆ ಏನಿಲ್ಲ. ಹೆಲ್ಮೆಟ್ ನಿನ್ನೆ ಫೋನ್ ಇಟ್ಟ ಕೂಡಲೇ ತಗೊಂಡೆ. ನನ್ನ ಪೆಟ್ಟಿಗೆಗಳು ಬಸ್ ನಿಲ್ದಾಣದಲ್ಲಿವೆ, ಮೂರು. ತಂದುಬಿಡಿ.”

ಮರುದಿನ ಎಂಟೂವರೆಗೆ ಬೀದಿ ಮತ್ತೆ ಸೇರಿತು. ಮೇಷ್ಟ್ರು ಗೋಡೆಯ ಮೇಲಿನ ಸೀಮೆಸುಣ್ಣದ ಗೀಟುಗಳನ್ನು ಒರೆಸುತ್ತಿದ್ದರು. ಅತ್ತೆ ಸೈಕಲ್ಲಿನ ಮೇಲೆ ಕಾಲೂರಿ ನಿಂತಿದ್ದರು. ಬೈಂಡರ್ ತನ್ನ ಪಾಲಿಗೆ ಉಳಿದ ಕೆಲಸವನ್ನು ಮಾಡಿದ: ಮಗಳನ್ನು ಎತ್ತಿ ಕೂರಿಸಿದ, ಕೊಂಡಿ ಹಾಕಿದ, ಒಮ್ಮೆ ಜಗ್ಗಿ ನೋಡಿದ. ಅವನ ಮುದ್ರಣಾಲಯ ಇನ್ನೊಂದು ದಿಕ್ಕಿಗೆ ಮೂರು ಕಿಲೋಮೀಟರು. ಇನ್ನು ದಿನವೂ ಕಾಲ್ನಡಿಗೆ. ಎಲ್ಲ ಮುಗಿದ ಮೇಲೂ ಅವನ ಕೈ ಕುರ್ಚಿಯ ಅಂಚನ್ನು ಹಿಡಿದೇ ಇತ್ತು.

ಗಿಣಿ ಹೆಲ್ಮೆಟ್ಟಿನ ಕೆಳಗಿನಿಂದ ಅವನನ್ನು ಕರುಣೆಯಿಂದ ನೋಡಿದಳು.

“ಅಪ್ಪ, ಕೈ ಬಿಡು. ನಮಗೆ ಹೊತ್ತಾಯ್ತು.”